ಸಾವ್ಕಾರನ ಮೇಲೊಂದು ದೂರು

ಗಂಗಾನಗರದ ನಾಲ್ಕನೇ ಅಡ್ಡರಸ್ತೆಯಲ್ಲಿ ಸುಬ್ರಹ್ಮಣ್ಯನವರಿಗೆ ಅನ್ಯಾಯವಾಯಿತು. ಎಂಥ ಅನ್ಯಾಯ, ಯಾರಿಂದ ಆಯಿತು ಎಂಬುದೆಲ್ಲ ಮುಂದೆ ಬರುತ್ತದೆ. ಆದರೆ ಅನ್ಯಾಯವಾಗಿದೆ ಎಂಬುದನ್ನು ಮಾತ್ರ ಅವರು ಏಪ್ರಿಲ್ ತಿಂಗಳ ಮೊದಲ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೇ ತೀರ್ಮಾನಿಸಿಬಿಟ್ಟಿದ್ದರು. ತೀರ್ಮಾನ ಮೊದಲು, ವಿಚಾರಣೆ ಆಮೇಲೆ ಎಂಬುದು ಅವರ ಪದ್ಧತಿ.

ಅವರು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗುಣಪರೀಕ್ಷಕರಾಗಿದ್ದವರು. ತಯಾರಾದ ಸಾಮಾನನ್ನು ಕನ್ನಡಕದ ಹತ್ತಿರ ಹಿಡಿದು, ಎಲ್ಲಾದರೂ ಒಂದು ಗೀರು ಕಂಡರೆ ಅದಕ್ಕೊಂದು ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವುದು ಕೆಲಸ. ಇನ್ನೊಬ್ಬರ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ನೌಕರಿ ಎಲ್ಲರಿಗೂ ಸಿಕ್ಕುವುದಿಲ್ಲ. ನಿವೃತ್ತರಾದ ಮೇಲೆ ಅದೇ ಕೆಲಸವನ್ನು ಅವರು ಇಡೀ ಬೀದಿಗೆ ಉಚಿತವಾಗಿ ಮಾಡಿಕೊಡುತ್ತಿದ್ದರು.

ಹಿಂದಿನ ವರ್ಷದ ಮೇ ತಿಂಗಳಲ್ಲಿ ಅವರ ಮನೆಗೆ ಎ.ಸಿ. ಬಂದಿತ್ತು. ಆ ಬೀದಿಯ ಹಳೆಯ ಮನೆಗಳಲ್ಲಿ ಅದೇ ಮೊದಲನೆಯದು. ಗೌರಿ ಕೂರಿಸಿದವರು ಕರೆಯುವ ಹಾಗೆ ಮನೆ ಮನೆಗೂ ಹೋಗಿ ಕರೆದರು. ಮಲಗುವ ಕೋಣೆಯಲ್ಲಿ ಐದೈದು ಜನರನ್ನು ಕೂರಿಸಿ, ಬಾಗಿಲು ಹಾಕಿ, ಹದಿನೆಂಟು ಡಿಗ್ರಿಗೆ ಇಟ್ಟು, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, "ಈಗ ಹೇಳಿ" ಎಂದರು. ಹೆಂಡತಿ ತುಂಗಾ ಸ್ವೆಟರ್ ಹಾಕಿಕೊಂಡು ಎಲ್ಲರಿಗೂ ಕಾಫಿ ಕೊಟ್ಟರು. ಪಕ್ಕದ ಮನೆಯ ಪಿಳ್ಳಣ್ಣ ಮಾತ್ರ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದು, "ಚೆನ್ನಾಗದೆ ಸ್ವಾಮಿ. ಮೊದ್ಲು ಎಬ್ಬಾಳ ಕೆರೆ ಕಡೆಯಿಂದ ಗಾಳಿ ಬರೋದಲ್ಲ, ಇಂಗೇ ಇರೋದು" ಎಂದರು. ಅಷ್ಟು ದುಬಾರಿ ಯಂತ್ರವನ್ನು ಕೆರೆಗೆ ಹೋಲಿಸಿದ್ದು ಸುಬ್ರಹ್ಮಣ್ಯನವರ ಮನಸ್ಸಿನಲ್ಲಿ ಸಣ್ಣ ಮುಳ್ಳಾಗಿ ಉಳಿದಿತ್ತು.

ಪಿಳ್ಳಣ್ಣನದು ಇಲ್ಲಿ ಬಡಾವಣೆ ಆಗುವ ಮೊದಲು ರಾಗಿ ಹೊಲವಿದ್ದ ಕಾಲದಿಂದ ಇದ್ದ ಮನೆತನ. ಮನೆಗೆ ಗ್ರಾನೈಟ್ ನೆಲ ಬಂದಿದ್ದರೂ ಹಿತ್ತಲ ಬೋರ್‌ವೆಲ್ಲನ್ನೂ ತಾರಸಿಯ ಕೋಳಿಗಳನ್ನೂ ಅವರು ಬಿಟ್ಟಿರಲಿಲ್ಲ. ಈ ವರ್ಷದ ಬೇಸಿಗೆಯಲ್ಲಿ ಊರಿಗೆಲ್ಲ ನೀರಿನ ತಾಪತ್ರಯ, ಪಿಳ್ಳಣ್ಣನ ಬೋರ್‌ವೆಲ್ ಮಾತ್ರ ಬತ್ತಿರಲಿಲ್ಲ. ದಿನಾ ಬೆಳಗ್ಗೆ ಏಳು ಗಂಟೆಗೆ ಅವರ ತಾರಸಿಯಿಂದ ಒಂದು ಹಸಿರು ಪೈಪು ಈ ಕಡೆಗೆ ದಾಟಿ ಬಂದು ಸುಬ್ರಹ್ಮಣ್ಯನವರ ಟ್ಯಾಂಕು ತುಂಬಿಸುತ್ತಿತ್ತು. ಎರಡು ತಾರಸಿಗಳ ನಡುವೆ ನಾಲ್ಕಡಿ ಸಂದಿ ಅಷ್ಟೆ.

ಆ ಸಂದಿಯನ್ನು ಪೈಪಿನ ಜೊತೆಗೆ ಇನ್ನೊಬ್ಬನೂ ದಾಟುತ್ತಿದ್ದ. ಅವನೇ ಸಾವ್ಕಾರ, ಪಿಳ್ಳಣ್ಣನ ಹೆಂಡತಿ ಮುನಿಕೃಷ್ಣಮ್ಮ ಸಾಕಿದ ನಾಟಿ ಹುಂಜ. ಮರಿಯಾಗಿದ್ದಾಗ ತಾಯಿಯನ್ನು ಬೆಕ್ಕು ಹೊತ್ತೊಯ್ದಿತ್ತು. ಮುನಿಕೃಷ್ಣಮ್ಮ ಅದನ್ನು ರಟ್ಟಿನ ಡಬ್ಬದಲ್ಲಿಟ್ಟು, ಮೇಲೊಂದು ಬಲ್ಬು ಉರಿಸಿ, ಕೈಯಾರೆ ನುಚ್ಚು ತಿನ್ನಿಸಿ ಬದುಕಿಸಿದ್ದರು. ಈಗ ಮೂರು ವರ್ಷ. ಎದೆ ಸೆಟೆಸಿ, ಕತ್ತು ಓರೆ ಮಾಡಿ, ಒಂದೊಂದು ಕಾಳನ್ನೂ ಪರೀಕ್ಷಿಸಿ ನೋಡಿಯೇ ತಿನ್ನುತ್ತಿದ್ದ. ಆ ಬೀದಿಯಲ್ಲಿ ಹಾಗೆ ನಡೆಯುವವರು ಇನ್ನೊಬ್ಬರೇ ಇದ್ದರು.

ಚಳಿಗಾಲವೆಲ್ಲ ಸುಮ್ಮನಿದ್ದ ಎ.ಸಿ.ಯನ್ನು ಏಪ್ರಿಲ್ ಬಿಸಿಲಿಗೆ ಹಾಕಿದರೆ ಗಾಳಿ ಬಂತೇ ಹೊರತು ತಂಪು ಬರಲಿಲ್ಲ. ಆರ್.ಟಿ. ನಗರದಲ್ಲಿ ಅಪ್ಪನ ಕಾಲದಿಂದಲೂ ರಿಪೇರಿ ಅಂಗಡಿ ನಡೆಸುವ ಫಖ್ರುನ್ನೀಸಾ ಎಂಬಾಕೆ ಬಂದರು. ಕೋಣೆಯೊಳಗಿನದನ್ನು ಬಿಚ್ಚಿ ನೋಡಿ ಮುಚ್ಚಿದರು. ಆಮೇಲೆ ತಾರಸಿಗೆ ಹೋಗಿ, ಅಲ್ಲಿಟ್ಟಿದ್ದ ಹೊರಗಿನ ಪೆಟ್ಟಿಗೆಯ ಹಿಂದೆ ಮೊಣಕಾಲೂರಿ ಕೂತರು.

"ಸಾರ್, ಇಲ್ಲಿ ನೋಡಿ."

ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಪಟ್ಟಿಗಳು ಅಲ್ಲಿ ನೆಟ್ಟಗೆ ಸಾಲಾಗಿ ನಿಂತಿರಬೇಕಿತ್ತು. ಮುಕ್ಕಾಲು ಪಾಲು ಮಡಚಿಕೊಂಡು ಒಂದರ ಮೇಲೊಂದು ಮಲಗಿದ್ದವು.

"ಇದಕ್ಕೆ ಫಿನ್ ಅಂತೀವಿ. ಸಂದೀಲಿ ಗಾಳಿ ಆಡ್ಬೇಕು, ಆಗ್ಲೇ ಒಳಗಿನ ಶಾಖ ಹೊರಗೆ ಹೋಗೋದು. ಹಿಂಗೆ ಮಲ್ಗಿಬಿಟ್ರೆ ದಾರಿ ಎಲ್ಲಿದೆ? ಬಾಚಣಿಗೆ ಥರ ಒಂದು ಸಾಮಾನು ಬರುತ್ತೆ, ಅದ್ರಲ್ಲಿ ಬಾಚಿ ಬಾಚಿ ನೆಟ್ಟಗೆ ಮಾಡ್ಬೇಕು. ಯಾರಾದ್ರೂ ಇದನ್ನ..."

"ನನ್ನ ಮನೇಲಾ?" ಸುಬ್ರಹ್ಮಣ್ಯನವರ ಮೂಗಿನ ತುದಿ ಕೆಂಪಾಯಿತು. "ಅಮ್ಮಾ, ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವನು. ಈ ಮನೇಲಿ ಮಿಕ್ಸಿಗೂ ಒಂದು ಗೀರಿಲ್ಲ. ಆಯುಧಪೂಜೆ ದಿನ ಇದನ್ನ ನಾನೇ ನಿಂತು ಎರಡು ಗಂಟೆ ತೊಳೆದು, ವಿಭೂತಿ ಕುಂಕುಮ ಇಟ್ಟು, ಬೂದುಗುಂಬಳ ಒಡೆದಿದೀನಿ. ಫಳಫಳ ಅಂತಿತ್ತು."

"ತೊಳೆದಿದ್ದು ಯಾವುದ್ರಲ್ಲಿ ಸಾರ್?"

ಉತ್ತರ ಬರುವ ಮೊದಲು ಸುಬ್ರಹ್ಮಣ್ಯನವರ ಕಣ್ಣು ಪೆಟ್ಟಿಗೆಯ ತಲೆಯ ಮೇಲೆ ಬಿತ್ತು. ಅಲ್ಲೊಂದು ಕೆಂಪು ಪುಕ್ಕ ಇತ್ತು. ಅವರು ಕರ್ಚೀಫು ತೆಗೆದು, ಪುಕ್ಕಕ್ಕೆ ತಮ್ಮ ಬೆರಳು ತಾಗದಂತೆ ಎತ್ತಿಕೊಂಡರು.

"ಅದು ಕೋಳಿದು ಸಾರ್. ನಾನು ಕೇಳಿದ್ದು, ತೊಳೆಯೋವಾಗ..."

"ಸ್ವಲ್ಪ ಸುಮ್ನಿರಿ ಅಮ್ಮ. ಕಾರಣ ಹುಡುಕೋದು ನನ್ನ ಕೆಲಸ. ನೀವು ರಿಪೇರಿ ನೋಡ್ಕೊಳ್ಳಿ."

ಆ ಅಳತೆಯ ಬಾಚಣಿಗೆ ಅಂಗಡಿಯಲ್ಲಿಲ್ಲ, ತರಿಸಬೇಕು, ರಂಜಾನ್ ಮುಗಿಯುವುದರೊಳಗೆ ಬಂದು ಮಾಡಿಕೊಡುತ್ತೇನೆ ಎಂದು ಹೇಳಿ ಫಖ್ರುನ್ನೀಸಾ ಹೊರಟರು. ಬಾಗಿಲ ಬಳಿ ತುಂಗಾ ಸಿಕ್ಕಾಗ, "ಅಮ್ಮಾ, ಸಾರ್ ಪೂರ್ತಿ ಮಾತು ಕೇಳೋದೇ ಇಲ್ವಾ?" ಎಂದರು.

"ಮೂವತ್ತೈದು ವರ್ಷದಿಂದ ನಾನೂ ಕಾಯ್ತಿದೀನಿ" ಎಂದರು ತುಂಗಾ.

ಅಷ್ಟರಲ್ಲಿ ಸುಬ್ರಹ್ಮಣ್ಯನವರು ಪುಕ್ಕವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿಗೆ ದಿನಾಂಕ ಬರೆದು, ತಾರಸಿಯ ಅಂಚಿಗೆ ಹೋಗಿ ನಿಂತಿದ್ದರು. ಆ ಕಡೆ ಪಿಳ್ಳಣ್ಣ ಮೆಣಸಿನಕಾಯಿ ಒಣಹಾಕುತ್ತಿದ್ದರು.

"ಪಿಳ್ಳಣ್ಣನವರೇ, ನಿಮ್ಮ ಹುಂಜ ನನ್ನ ಎ.ಸಿ.ಯನ್ನ ಕುಕ್ಕಿ ಕುಕ್ಕಿ ಹಾಳು ಮಾಡಿದೆ. ಸಾಕ್ಷಿ ಇದೆ."

ಪಿಳ್ಳಣ್ಣ ಕವರನ್ನು ನೋಡಿದರು. ಪೆಟ್ಟಿಗೆಯ ಹಿಂಬದಿಯನ್ನು ನೋಡಿದರು. ಕೊನೆಗೆ ಸುಬ್ರಹ್ಮಣ್ಯನವರನ್ನು ಬಹಳ ಹೊತ್ತು ನೋಡಿದರು.

"ಪುಕ್ಕ ಅವುಂದೇ ಸ್ವಾಮಿ, ಇಲ್ಲ ಅನ್ನಕಿಲ್ಲ. ಬೆಳಗಾದ್ರೆ ಅದ್ರ ಮ್ಯಾಲೇ ಕುಂತ್ಕತಾನೆ. ಆದ್ರೆ ಆಯುಧಪೂಜೆ ದಿವ್ಸ..."

"ಆಯುಧಪೂಜೆ ದಿವಸ ಸರಿಯಾಗೇ ಇತ್ತು. ನಾನು ತೊಳೆದಿದ್ದನ್ನ ನೀವೇ ನೋಡಿದೀರಲ್ಲ."

"ನೋಡಿವ್ನಿ ಸ್ವಾಮಿ."

"ಮತ್ತೆ?"

ಪಿಳ್ಳಣ್ಣ ಕೈಗೆ ಅಂಟಿದ್ದ ಮೆಣಸಿನಕಾಯಿ ಬೀಜ ಒರೆಸಿಕೊಂಡರು. "ಏನಿಲ್ಲ ಬುಡಿ."

"ಏನಿಲ್ಲ ಅಂದ್ರೇನು? ಏಳ್ರೀ, ಬಾಯ್ಬುಟ್ಟು ಏಳ್ರೀ" ಎನ್ನುತ್ತ ಮುನಿಕೃಷ್ಣಮ್ಮ ಮೊರ ಹಿಡಿದುಕೊಂಡೇ ಮುಂದೆ ಬಂದರು. ಪಿಳ್ಳಣ್ಣ ಅವರ ಭುಜ ಹಿಡಿದು ತಿರುಗಿಸಿ, "ನೀ ಒಳೀಕೋಗು" ಎಂದು ಕಳಿಸಿಬಿಟ್ಟರು.

ತಪ್ಪು ಮಾಡಿದವನು ಮಾತು ನುಂಗುತ್ತಾನೆ ಎಂಬುದು ಕಾರ್ಖಾನೆಯ ಅನುಭವ. ಸುಬ್ರಹ್ಮಣ್ಯನವರಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಅವರನ್ನು ಉರಿಸಿದ್ದು ಎ.ಸಿ. ಕೆಟ್ಟದ್ದಕ್ಕಿಂತ ಆ 'ಏನಿಲ್ಲ ಬುಡಿ'. ಒಬ್ಬ ಮನುಷ್ಯನ ಯಂತ್ರವನ್ನು ಒಂದು ಕೋಳಿ ಸರ್ವನಾಶ ಮಾಡುವುದು, ಅದರ ಯಜಮಾನರು ಏನಿಲ್ಲ ಬುಡಿ ಅನ್ನುವುದು. ಇದನ್ನು ಬಿಟ್ಟರೆ ನಾಳೆ ಯಾರ ಮನೆಯಲ್ಲಿ ಏನು ಉಳಿದೀತು ಎಂದು ಅವರು ತುಂಗಾರನ್ನು ಕೇಳಿದರು. ತುಂಗಾ ಹುರುಳಿಕಾಯಿ ಸೋಸುತ್ತಲೇ ಇದ್ದರು.

ಮಾರನೆಯ ದಿನ ಅವರು ಮೂರು ಪುಟದ ದೂರು ಬರೆದುಕೊಂಡು ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಎ.ಎಸ್.ಐ. ಮುನಿರಾಮಯ್ಯ ಇದ್ದರು. ನಿವೃತ್ತಿಗೆ ಎಂಟು ತಿಂಗಳಿದ್ದ ಅವರಿಗೆ ಯಾವುದಕ್ಕೂ ಆಶ್ಚರ್ಯಪಡುವ ಅಭ್ಯಾಸ ತಪ್ಪಿಹೋಗಿತ್ತು. ದೂರನ್ನು ಓದದೆ ಪಕ್ಕಕ್ಕಿಟ್ಟು ಪೆನ್ನು ತೆಗೆದರು.

"ಆರೋಪಿ ಹೆಸರು?"

"ಸಾವ್ಕಾರ."

"ತಂದೆ ಹೆಸರು?"

"ತಂದೆ ಗೊತ್ತಿಲ್ಲ. ಅದು ಹುಂಜ."

ಪೆನ್ನು ಒಂದು ಕ್ಷಣ ನಿಂತಿತು. "ವಯಸ್ಸು?"

"ಮೂರು ವರ್ಷ."

"ಹಂಗಾದ್ರೆ ಅಪ್ರಾಪ್ತ. ನಮ್ ಠಾಣೆಗೆ ಬರಲ್ಲ ಯಜಮಾನ್ರೇ."

"ನೀವು ತಮಾಷೆ ಮಾಡ್ತಿದೀರಿ. ಒಬ್ಬ ಹಿರಿಯ ನಾಗರಿಕ ಅನ್ಯಾಯ ಅಂತ ಬಂದು ನಿಂತಿದಾನೆ, ನೀವು ತಮಾಷೆ ಮಾಡ್ತಿದೀರಿ."

"ತಮಾಷೆ ಶುರು ಮಾಡಿದ್ದು ನಾನಲ್ಲ." ಮುನಿರಾಮಯ್ಯ ದೂರನ್ನು ಮಡಚಿ ಡ್ರಾಯರಿಗೆ ಹಾಕಿದರು. "ಅರ್ಜಿ ಇಲ್ಲೇ ಇರ್ಲಿ. ಆರೋಪಿ ಅಂತ ಬರೆದಿರೋ ಜಾಗಕ್ಕೆ ಒಬ್ಬ ಮನುಷ್ಯನ ಹೆಸರು ಸಿಕ್ಕಿದ್ರೆ ಬನ್ನಿ, ಆಗ ನೋಡೋಣ. ಯುಗಾದಿ ಬರ್ತಿದೆ, ಹೋಗಿ ಬೇವು ಬೆಲ್ಲ ತಿಂದು ಮಾತಾಡ್ಕೊಳ್ಳಿ."

ಸರ್ಕಾರ ಕೈಬಿಟ್ಟ ಮೇಲೆ ಉಳಿದದ್ದು ನಾಲ್ಕನೇ ಅಡ್ಡರಸ್ತೆ ನಿವಾಸಿಗಳ ಸಂಘ. ಅದರ ಅಧ್ಯಕ್ಷ ವೇಣುಗೋಪಾಲ್ ಅವರಿಗೆ ಸ್ವಾತಂತ್ರ್ಯ ದಿನವೊಂದನ್ನು ಬಿಟ್ಟರೆ ವರ್ಷದಲ್ಲಿ ಕೆಲಸವಿರಲಿಲ್ಲ. ಸುಬ್ರಹ್ಮಣ್ಯನವರು ವಾಟ್ಸಾಪ್ ಗುಂಪಿಗೆ ಮಡಚಿದ ಫಿನ್ನುಗಳ ಒಂಬತ್ತು ಫೋಟೊ, ಪುಕ್ಕದ್ದು ಎರಡು ಕಳಿಸಿದರು. ಐದು ನಿಮಿಷಕ್ಕೆ ಒಬ್ಬರು, ಹೋದ ವರ್ಷ ನಮ್ಮ ಸಂಡಿಗೆ ಕಾಣೆಯಾಗಿತ್ತು ಎಂದರು. ಇನ್ನೊಬ್ಬರು ನಮ್ಮ ಡಿಶ್ ಆಂಟೆನಾ ತಾನಾಗಿಯೇ ತಿರುಗಿತ್ತು ಎಂದರು. ಮೂರನೆಯವರ ಕಾರಿನ ಮೇಲೆ ಗೀರು ಬಿದ್ದಿತ್ತು. ಸಂಜೆಯಾಗುವಷ್ಟರಲ್ಲಿ ಸಾವ್ಕಾರ, ನೀರಿನ ಅಭಾವವೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಕಾರಣನಾಗಿದ್ದ.

ಭಾನುವಾರ ಹನ್ನೊಂದು ಜನ ತಾರಸಿ ಹತ್ತಿ ಸ್ಥಳ ಪರಿಶೀಲನೆ ನಡೆಸಿದರು. ಎಲ್ಲರೂ ಸರದಿಯಂತೆ ಬಗ್ಗಿ ನೋಡಿ, "ಛೆ ಛೆ" ಎಂದು ಎದ್ದರು. ಪಿಳ್ಳಣ್ಣ ತಮ್ಮ ತಾರಸಿಯಲ್ಲಿ ಕೈಕಟ್ಟಿ ನಿಂತಿದ್ದರು. ಮುನಿಕೃಷ್ಣಮ್ಮ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು. ಆರೋಪಿ ಕತ್ತು ಓರೆ ಮಾಡಿ ಹನ್ನೊಂದು ಜನರನ್ನೂ ಪರೀಕ್ಷಿಸುತ್ತಿದ್ದ. ವೇಣುಗೋಪಾಲ್ ಗಂಟಲು ಸರಿಮಾಡಿಕೊಂಡು, ಸುಬ್ರಹ್ಮಣ್ಯನವರೇ ಬರೆದುಕೊಟ್ಟ ಠರಾವನ್ನು ಓದಿದರು. "ಸದರಿ ಹುಂಜದ ಮಾಲೀಕರು ಯುಗಾದಿ ಹಬ್ಬದ ವೇಳೆಗೆ ಸದರಿ ಹುಂಜದ ಮೇಲೆ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು."

ಪಿಳ್ಳಣ್ಣ ಮತ್ತೆ ಒಂದು ಸಲ ಸುಬ್ರಹ್ಮಣ್ಯನವರ ಮುಖ ನೋಡಿದರು.

"ಆಗ್ಲಿ. ಅಬ್ಬದ ಮಾರ್ನೇ ದಿನ ಒಸತೊಡಕಲ್ವಾ. ಅವತ್ತು ಕ್ರಮ ತಕ್ಕೊಂಬುಡ್ತೀನಿ."

ಯುಗಾದಿಯ ಮಾರನೆಯ ದಿನದ ಹೊಸತೊಡಕೆಂದರೆ ಆ ಕಡೆಯ ಮನೆಗಳಲ್ಲಿ ಮಾಂಸದಡುಗೆಯ ಹಬ್ಬ. ಅವತ್ತು ಕೋಳಿಯ ಮೇಲೆ ಕೈಗೊಳ್ಳುವ ಕ್ರಮ ಯಾವುದೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮುನಿಕೃಷ್ಣಮ್ಮ ಹುಂಜವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡು ಮೆಟ್ಟಿಲಿಳಿದು ಹೋದರು.

ಮನೆಯೊಳಗೆ ತುಂಗಾ ಗಂಡನಿಗಾಗಿ ಕಾಯುತ್ತಿದ್ದರು.

"ಕಟ್ಟಿದಾಗಿನಿಂದ ಈ ಮನೇಲಿ ಒಂದು ಮೊಟ್ಟೆ ಒಡೆದಿಲ್ಲ. ಈಗ ನಮ್ಮ ಕಾಗದದಿಂದ ಒಂದು ಜೀವ ಹೋಗುತ್ತೆ."

"ನಾನೆಲ್ಲಿ ಕೊಯ್ಯಿ ಅಂದೆ? ಸೂಕ್ತ ಕ್ರಮ ಅಂದೆ. ಸೂಕ್ತ ಕ್ರಮ ಅಂದ್ರೆ ಬುಟ್ಟಿ ಮುಚ್ಚಿಡೋದು. ಇಲ್ಲ ಬುದ್ಧಿ ಹೇಳೋದು."

"ಹುಂಜಕ್ಕೆ ಬುದ್ಧಿ ಹೇಳ್ತಾರಾ?"

"ಮನುಷ್ಯರಿಗೆ ಹೇಳಿದ್ರೆ ಕೇಳ್ತಾರಾ ಈ ಕಾಲ್ದಲ್ಲಿ?"

"ಅದನ್ನೇ ನಾನೂ ಕೇಳ್ತಿದೀನಿ" ಎಂದು ತುಂಗಾ ಒಳಗೆ ಹೋದರು. ಆಮೇಲೆ ಮೂರು ದಿನ ಅವರು ಗಂಡನ ಜೊತೆ ಊಟಕ್ಕೆ, ಕಾಫಿಗೆ ಮತ್ತು ಗ್ಯಾಸ್ ಸಿಲಿಂಡರಿಗೆ ಸಂಬಂಧಪಟ್ಟ ಮಾತು ಮಾತ್ರ ಆಡಿದರು.

ಸುಬ್ರಹ್ಮಣ್ಯನವರಿಗೆ ಇದೂ ಅನ್ಯಾಯವೆನಿಸಿತು. ಹಾಳಾದದ್ದು ತಮ್ಮ ಎ.ಸಿ., ಬೆವರುತ್ತಿರುವವರು ತಾವು, ಕಟುಕನ ಹೆಸರೂ ತಮಗೇ. ಅದಕ್ಕಿಂತ ದೊಡ್ಡ ಅನ್ಯಾಯ ಸೋಮವಾರ ಬೆಳಗ್ಗೆ ಏಳಕ್ಕೆ ನಡೆಯಿತು. ಎಂದಿನಂತೆ ಹಸಿರು ಪೈಪು ದಾಟಿ ಬಂತು, ಟ್ಯಾಂಕು ತುಂಬಿತು. ಜಗಳವಾಡಿದವರು ನೀರು ನಿಲ್ಲಿಸಬೇಕು, ಅದು ಲೋಕರೂಢಿ. ನಿಲ್ಲಿಸಿದ್ದರೆ ಅದರ ಮೇಲೆ ಇನ್ನೊಂದು ಅರ್ಜಿ ಬರೆಯಬಹುದಿತ್ತು. ಅವರು ತಾರಸಿಗೆ ಹೋಗಿ, "ಇದರ ಅರ್ಥ ಏನು?" ಎಂದು ಕೇಳಿದರು.

ಮುನಿಕೃಷ್ಣಮ್ಮ ಮುಖ ತಿರುಗಿಸದೆಯೇ, "ಜಗಳ ಆಡೋರು ಸ್ನಾನ ಮಾಡ್ಬಾರ್ದಾ?" ಎಂದರು.

ಯುಗಾದಿಯ ಎಣ್ಣೆಸ್ನಾನವನ್ನೂ ಸುಬ್ರಹ್ಮಣ್ಯನವರು ಪಿಳ್ಳಣ್ಣನ ನೀರಿನಲ್ಲೇ, ಸಿಟ್ಟಿನಿಂದಲೇ ಮಾಡಿದರು. ತುಂಗಾ ಎಂದಿನಂತೆ ಒಬ್ಬಟ್ಟಿನ ಡಬ್ಬಿ ಪಕ್ಕದ ಮನೆಗೆ ಕೊಟ್ಟು ಬಂದರು. ಸಂಜೆ ಡಬ್ಬಿ ವಾಪಸು ಬಂತು, ಬರಿದಾಗಿ ಬರಬಾರದೆಂದು ತಳದಲ್ಲಿ ಸಕ್ಕರೆ ಇತ್ತು. ಸುಬ್ರಹ್ಮಣ್ಯನವರು ಆ ಸಕ್ಕರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ಯಾವ ದೋಷವೂ ಸಿಕ್ಕಲಿಲ್ಲ.

ಹೊಸತೊಡಕಿನ ದಿನ ಅವರಿಗೆ ಎಚ್ಚರವಾದಾಗ ಏಳೂವರೆಯಾಗಿತ್ತು. ಎರಡೂವರೆ ವರ್ಷದಿಂದ ನಾಲ್ಕೂವರೆಗೆ ಎಬ್ಬಿಸುತ್ತಿದ್ದ ಕೂಗು ಅವತ್ತು ಕೇಳಿರಲಿಲ್ಲ. ದಿನಾ ಬೆಳಗ್ಗೆ ಆ ಕೂಗನ್ನು ಬೈದುಕೊಂಡೇ ಏಳುತ್ತಿದ್ದ ಅವರಿಗೆ ಇವತ್ತು ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಪಕ್ಕದ ಮನೆಯಿಂದ ಹುರಿದ ಕೊತ್ತಂಬರಿ ಬೀಜದ ವಾಸನೆ ಬರುತ್ತಿತ್ತು. ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟರು.

ಒಂಬತ್ತೂವರೆಗೆ ಫಖ್ರುನ್ನೀಸಾ ಬಂದರು. "ನಾಳೆ ನಮ್ ಹಬ್ಬ ಸಾರ್, ಅಂಗಡಿ ಮೂರು ದಿನ ಇರಲ್ಲ. ಅದಕ್ಕೆ ಇವತ್ತೇ ಮುಗಿಸಿಬಿಡ್ತೀನಿ" ಎಂದು ತಾರಸಿಯಲ್ಲಿ ಕೂತು, ಕೈಯಗಲದ ಒಂದು ಬಾಚಣಿಗೆ ತೆಗೆದು, ಜಡೆಯ ಸಿಕ್ಕು ಬಿಡಿಸುವಷ್ಟು ನಿಧಾನವಾಗಿ ಫಿನ್ನುಗಳನ್ನು ಬಾಚತೊಡಗಿದರು. ಸುಬ್ರಹ್ಮಣ್ಯನವರು ಪಕ್ಕದ ಮನೆಯ ಸದ್ದಿಗೆ ಕಿವಿಗೊಟ್ಟು ಅತ್ತಿಂದಿತ್ತ ಓಡಾಡುತ್ತಿದ್ದರು.

"ಸಾರ್, ಬನ್ನಿ ಇಲ್ಲಿ. ಇದು ಕುಂಕುಮ ತಾನೇ?"

"ಹೌದು. ಪೂಜೆ ಮಾಡಿದ್ದೆ ಅಂತ ಅವತ್ತೇ ಹೇಳಿದ್ನಲ್ಲ."

"ಕುಂಕುಮ ಇರೋ ಕಡೆ ಒಂದು ಗುಂಡಿ ಬಿದ್ದಿದೆ ನೋಡಿ. ನಿಮ್ಮ ಹೆಬ್ಬೆಟ್ಟು ಇಡಿ."

ಇಟ್ಟರು. ಅಳತೆ ಸರಿಯಾಗಿ ಕೂತಿತು.

"ಅದ್ರ ಮೇಲೆ ಮೂರು ಗೆರೆ ಇದೆ. ಮೂರು ಬೆರಳಿಡಿ."

ಅದೂ ಕೂತಿತು. ವಿಭೂತಿಯ ಬೂದು ಬಣ್ಣ ಇನ್ನೂ ಅಲ್ಲಿತ್ತು.

"ಮಿಕ್ಕಿದ್ದೆಲ್ಲ ಅಡ್ಡ ಗೆರೆ. ಕೋಳಿ ಕುಕ್ಕಿದ್ರೆ ಚುಕ್ಕಿ ಚುಕ್ಕಿ ಬೀಳುತ್ತೆ ಸಾರ್, ಈ ತುದಿಯಿಂದ ಆ ತುದಿವರೆಗೆ ಗೆರೆ ಎಳೆಯಲ್ಲ. ಅವತ್ತು ಅರ್ಧ ಕೇಳಿ ನಿಲ್ಲಿಸಿದ್ದೆ. ಯಾವುದ್ರಲ್ಲಿ ತೊಳೆದ್ರಿ?"

ಸುಬ್ರಹ್ಮಣ್ಯನವರು ಕೆಳಗೆ ಹೋಗಿ ಸಾಮಾನು ಪೆಟ್ಟಿಗೆಯಿಂದ ಒಂದು ಬ್ರಷ್ಷು ತಂದರು. ಕಬ್ಬಿಣದ ತುಕ್ಕು ಕೆರೆಯುವ ತಂತಿ ಬ್ರಷ್ಷು, ಕಾರ್ಖಾನೆಯ ಗೆಳೆಯರು ಬೀಳ್ಕೊಡುಗೆಯ ದಿನ ನೆನಪಿಗೆಂದು ಕೊಟ್ಟದ್ದು. ತಂತಿಗಳ ಸಂದಿಯಲ್ಲಿ ಅಲ್ಯೂಮಿನಿಯಂ ಚೂರುಗಳು ಮಿರಮಿರ ಮಿಂಚುತ್ತಿದ್ದವು. ಫಖ್ರುನ್ನೀಸಾ ಅದನ್ನು ನೋಡಿ ಮತ್ತೆ ಬಾಚುವುದಕ್ಕೆ ಶುರುಮಾಡಿದರು. ಮೂವತ್ತೊಂದು ವರ್ಷ ಊರಿನ ಸಾಮಾನಿಗೆಲ್ಲ ಕೆಂಪು ಚೀಟಿ ಕಟ್ಟಿದ ಮನುಷ್ಯನಿಗೆ ಮೊದಲ ಸಲ ತನ್ನ ಕೈಯನ್ನು ನೋಡಿಕೊಳ್ಳಲು ನಾಚಿಕೆಯಾಯಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಹಿತ್ತಲಿನಲ್ಲಿ ಮರದ ಕೊರಡಿನ ಮೇಲೆ ಮಚ್ಚು ಬಿದ್ದ ಸದ್ದು ಕೇಳಿತು.

ಬನಿಯನ್ನು, ಪಂಚೆ, ಕೈಯಲ್ಲಿ ತಂತಿ ಬ್ರಷ್ಷು, ಕಾಲಿಗೆ ಚಪ್ಪಲಿಯೂ ಇಲ್ಲ. ಹಾಗೇ ಅವರು ಪಿಳ್ಳಣ್ಣನ ಹಿತ್ತಲಿಗೆ ನುಗ್ಗಿದರು. ಅಲ್ಲಿ ನೆಂಟರಿದ್ದರು, ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಸಂಘದ ಅಧ್ಯಕ್ಷ ವೇಣುಗೋಪಾಲ್ ಪಾತ್ರೆಯ ಕಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ಪಿಳ್ಳಣ್ಣನ ಕೈಯಲ್ಲಿ ಮಚ್ಚಿತ್ತು.

"ನಿಲ್ಸಿ ಪಿಳ್ಳಣ್ಣನವರೇ. ತಪ್ಪು ನಂದು. ಆ ಹುಂಜ ಏನೂ ಮಾಡಿಲ್ಲ. ಆಯುಧಪೂಜೆ ದಿನ ನಾನೇ ಇದ್ರಲ್ಲಿ ಉಜ್ಜಿ ಹಾಳು ಮಾಡಿದ್ದು. ಹೆಬ್ಬೆಟ್ಟಿನ ಗುರುತು ಇದೆ, ಬೇಕಾದ್ರೆ ಎಲ್ಲರೂ ಬಂದು ನೋಡಿ."

ಪಿಳ್ಳಣ್ಣ ಮಚ್ಚನ್ನು ಕೊರಡಿನ ಮೇಲಿಟ್ಟರು.

"ಗೊತ್ತು ಸ್ವಾಮಿ."

"ಗೊತ್ತಾ?"

"ಅವತ್ತು ಪೈಪ್ ಇಡ್ಕೊಂಡು ನೀರು ಬುಟ್ಟೋನು ನಾನೇ ಅಲ್ವಾ? ನೀವು ಕರಕರ ಅಂತ ಉಜ್ತಿದ್ರಿ. ಮೆತ್ತಗೆ ಸ್ವಾಮಿ, ತಗಡು ತೆಳ್ಳಗೈತೆ ಅಂದೆ. ಕಾರ್ಖಾನೆಲಿ ಇಂಗೇ ಉಜ್ಜೋದು ಅಂದ್ರಿ."

ಸುಬ್ರಹ್ಮಣ್ಯನವರಿಗೆ ಅದು ನೆನಪಾಯಿತು. ನೆನಪಾದದ್ದೇ ಮತ್ತೆ ಸಿಟ್ಟು ಬಂತು. "ಹಾಗಿದ್ರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ? ಅಷ್ಟು ಜನ ತಾರಸೀಲಿ ನಿಂತಿದ್ವಿ, ಠರಾವು ಓದಿದ್ರು. ಆಗಾದ್ರೂ ಹೇಳ್ಬಾರ್ದಿತ್ತಾ?"

"ಅನ್ನೊಂದು ಜನ ನಿಂತಿದ್ರು ಅಂತಾನೇ ಏಳ್ಲಿಲ್ಲ" ಎಂದರು ಪಿಳ್ಳಣ್ಣ. "ಅವ್ರ್ ಮುಂದೆ ನಿಮ್ ಮಾನ ಏನಾಗ್ತಿತ್ತು? ಕೋಳಿಗಾದ್ರೆ ಮಾನ ಓಗಕಿಲ್ಲ."

ಅಧ್ಯಕ್ಷರು ಕುರ್ಚಿಯಲ್ಲಿ ಮಿಸುಕಾಡಿದರು. ಸುಬ್ರಹ್ಮಣ್ಯನವರು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಅವರಿಗೆ ಅಳು ಬಂದಿತ್ತು. ಅಷ್ಟು ಜನರೆದುರಿಗೆ ಅಳಬಾರದೆಂದು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಕೊರಡಿನ ಕಡೆಗೆ ಕಣ್ಣು ಹಾಯಿಸಲಾರದೆ, "ಮುಗೀತಾ?" ಎಂದರು.

"ಅದು ಕುರಿ ಮಾಂಸ" ಎಂದರು ಮುನಿಕೃಷ್ಣಮ್ಮ ಒರಟಾಗಿ. "ಐದ್ಗಂಟೆಯಿಂದ ಸಾಲಿನಾಗೆ ನಿಂತು ತಂದವ್ರೆ. ಇವ್ರು ಕುಯ್ತೀನಿ ಅಂದ್ರೆ ನಾನು ಬುಡ್ತೀನಾ? ನೆನ್ನೆ ಸಂಜೇನೇ ಸಾವ್ಕಾರನ್ನ ಬ್ಯಾಟರಾಯನಪುರಕ್ಕೆ, ನಮ್ ಅಕ್ಕ ಯಲ್ಲಮ್ಮನ ಮನೆಗೆ ಆಟೋದಾಗೆ ಕಳ್ಸಿವ್ನಿ. ಮಡಿಕ್ಕೋ ಅಂತ ಆಟೋದೋನ್ ಕೈಲಿ ಏಳ್ಕಳ್ಸಿವ್ನಿ." ಅವರ ದನಿ ಸ್ವಲ್ಪ ತಗ್ಗಿತು. "ಅಲ್ಲೂ ಇವತ್ತು ಒಸತೊಡಕೇ. ಬೆಳಗ್ಗೆಯಿಂದ ಅಕ್ಕ ಪೋನ್ ಎತ್ತುತಾ ಇಲ್ಲ."

ಸುಬ್ರಹ್ಮಣ್ಯನವರು ಆ ಮನೆಯ ಗುರುತು ಕೇಳಿಕೊಂಡು ಎದ್ದರು. ತುಂಗಾ ಆಗಲೇ ಗೇಟಿನ ಹತ್ತಿರ ಅಂಗಿ, ಹೆಲ್ಮೆಟ್ಟು ಮತ್ತು ತರಕಾರಿ ಚೀಲ ಹಿಡಿದು ನಿಂತಿದ್ದರು. ಮೂರು ದಿನದ ಮೇಲೆ ಮೊದಲ ಸಲ ಗಂಡನ ಜೊತೆ ಬೇರೆ ಮಾತಾಡಿದರು. "ಬೇಗ ಹೋಗಿ. ಹುಷಾರು."

ಅರವತ್ತಮೂರು ವರ್ಷದ ಆ ಮನುಷ್ಯ ಅವತ್ತು ಬಳ್ಳಾರಿ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ರೀತಿಯಲ್ಲಿ ಬೇರೆ ಯಾರಾದರೂ ಓಡಿಸಿದ್ದರೆ ಅವರೇ ಫೋಟೊ ತೆಗೆದು ಸಂಚಾರ ಪೊಲೀಸರಿಗೆ ಕಳಿಸುತ್ತಿದ್ದರು. ಯಲ್ಲಮ್ಮನ ಮನೆಯ ಅಂಗಳದಲ್ಲಿ ಒಲೆ ಉರಿಯುತ್ತಿತ್ತು, ಬಿಸಿನೀರು ಕಾಯುತ್ತಿತ್ತು, ಬುಟ್ಟಿಯ ಕೆಳಗಿನಿಂದ ಒಂದು ಕೆಂಪು ಬಾಲ ಹೊರಗೆ ಕಾಣುತ್ತಿತ್ತು. ಯಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಬುಟ್ಟಿಯ ಹತ್ತಿರ ಬಂದಿದ್ದರು.

"ಅದನ್ನ ಮುಟ್ಬೇಡಿ ಅಮ್ಮ. ವಾಪಸ್ ಕರ್ಕೊಂಡು ಹೋಗೋಕೆ ಬಂದಿದೀನಿ."

"ಅಬ್ಬಕ್ಕೆ ಅಂತ ಕಳ್ಸವ್ರೆ ಅಂದ್ಕಂಡ್ನಲ್ಲಪ್ಪ. ಆಟೋದೋನು ಏನೂ ಏಳ್ಲಿಲ್ಲ. ನೀನ್ಯಾರು?"

"ನನ್ನ ಎ.ಸಿ. ಇದೆಯಲ್ಲ" ಎಂದು ಶುರುಮಾಡಿದ ಸುಬ್ರಹ್ಮಣ್ಯನವರು ಅಲ್ಲಿಗೇ ನಿಲ್ಲಿಸಿ, "ಪಕ್ಕದ ಮನೆಯವನು" ಎಂದರು. ಜನ್ಮದಲ್ಲಿ ಕೋಳಿ ಮುಟ್ಟದವರು ಸಾವ್ಕಾರನನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ಅವನು ಅವರ ಹೆಬ್ಬೆಟ್ಟಿಗೆ ಚೆನ್ನಾಗಿ ಒಂದು ಕುಕ್ಕಿದ. ಅದು ನ್ಯಾಯವಾಗಿಯೇ ಇದೆ ಎಂದುಕೊಂಡು ಅವರು ಅವನನ್ನು ಚೀಲದಲ್ಲಿ ಕೂರಿಸಿ, ಕತ್ತು ಹೊರಗಿರುವಂತೆ ಹ್ಯಾಂಡಲಿಗೆ ಸಿಕ್ಕಿಸಿದರು.

ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಸಿಗ್ನಲ್ ಬಿತ್ತು. ಹಬ್ಬದ ಬಂದೋಬಸ್ತಿಗೆ ಅಲ್ಲಿ ಮುನಿರಾಮಯ್ಯ ನಿಂತಿದ್ದರು. ಸ್ಕೂಟರನ್ನು ನೋಡಿದರು, ಚೀಲವನ್ನು ನೋಡಿದರು, ನಿಧಾನವಾಗಿ ಹತ್ತಿರ ಬಂದರು.

"ಏನ್ ಯಜಮಾನ್ರೇ, ನೀವು ಸೊಪ್ಪುಸದೆ ತಿನ್ನೋ ಜನ ಅಂದ್ಕೊಂಡಿದ್ದೆ. ಆರೋಪಿನ ಹಿಡಿದು ಸಾರು ಮಾಡೋಕೆ ಹೊರಟ್ರಾ?"

ಸುಬ್ರಹ್ಮಣ್ಯನವರ ಮೂಗಿನ ತುದಿ ಕೆಂಪಾಯಿತು. ಅಂಥ ಮಾತನ್ನು ಅವರು ಸಹಿಸುವ ಹಾಗಿರಲಿಲ್ಲ.

"ಮಾತು ಸರಿಯಾಗಿರ್ಲಿ ಸಾರ್. ಮನುಷ್ಯನ ಹೆಸರು ಸಿಕ್ಕಿದ್ರೆ ಬನ್ನಿ ಅಂದಿದ್ರಲ್ಲ, ಬರ್ಕೊಳ್ಳಿ. ಆರೋಪಿ ಗಾಡಿ ಓಡಿಸ್ತಿದಾನೆ. ಚೀಲದಲ್ಲಿರೋರು ನಮ್ಮ ಪಕ್ಕದ ಮನೆಯವರು. ಊರಿಗೆ ಹೋಗಿದ್ರು, ಕರ್ಕೊಂಡು ಬರ್ತಿದೀನಿ."